ಮಾವನ ಸೊನ್ನೆಗಳು

ನಾನು ಡಿಗ್ರಿ ಪಾಸಾಗುವುದು ಸಾಧ್ಯವೇ ಇಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ನನ್ನ ಸೋದರಮಾವ. ತಪ್ಪೇನು ಬಿಡಿ. ನಮ್ಮ ಮನೆಯಲ್ಲಿ ಅದುವರೆಗೆ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ನಾನೂ ಗಣಿತದಲ್ಲಿ ಎರಡು ಸಲ ಉರುಳಿದವಳೇ.

ಮಾವ ಬಾಳೂರಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ದಿನಾ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರು ಅಳೆದು ಇಂಚಿನಲ್ಲಿ, ಇಂಚಿನ ನೂರನೇ ಪಾಲಾದ ಸೆಂಟಿನಲ್ಲಿ ಬರೆದಿಡದಿದ್ದರೆ ಅವರಿಗೆ ತಿಂಡಿ ಇಳಿಯದು. ಒಮ್ಮೆ ಪಕ್ಕದ ತೋಟದ ಸಾವಿನ ಮನೆಯಲ್ಲಿ ಯಾರೋ, "ಎಂಥಾ ಮಳೆ ಮಾರಾಯ್ರೆ, ಎರಡಿಂಚು ಬಂತೇನೋ," ಎಂದು ಕಣ್ಣೊರೆಸಿಕೊಂಡರು. ಮಾವ ಹೆಣದ ತಲೆದೆಸೆಯಿಂದಲೇ ತಿದ್ದಿದರು: "ಒಂದಿಂಚು ಎಂಬತ್ತೆರಡು ಸೆಂಟು."

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಅವರ ಮಳೆ ಬರೆದಿಡುವ ಪ್ರೋಗ್ರಾಂ ಮಾಡಿದೆ. ಎಸ್ಟೇಟ್ ಆಫೀಸಿನವರು ಎಸೆದಿದ್ದ ಮುದಿ ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಬಿಟ್ಟರೆ ಬೇರೇನೂ ಓಡುತ್ತಿರಲಿಲ್ಲ; ಅದನ್ನೇ ಹಾಕಿಕೊಟ್ಟೆ. ಮಾವ ಹಳೇ ನೋಟ್‌ಬುಕ್ಕುಗಳ ಮೂವತ್ತು ವರ್ಷದ ಮಳೆಯನ್ನು ಒಂದೇ ಬೆರಳಿನಲ್ಲಿ ಕುಟ್ಟಿದರು. ಮಳೆ ಬಾರದ ದಿನದ ಸೊನ್ನೆಗಳನ್ನೂ ಬಿಡಲಿಲ್ಲ. ಆಮೇಲೆ ನೋಟ್‌ಬುಕ್ಕುಗಳು ಟ್ರಂಕು ಸೇರಿದವು.

ಅಷ್ಟರಲ್ಲಿ ಸುದ್ದಿ ಬಂತು. ನನ್ನ ಪ್ರೋಗ್ರಾಂ ಯಾವ ಫ್ರೇಮ್‌ವರ್ಕಿನ, ಅಂದರೆ ಬೇರೆಯವರು ಕಟ್ಟಿಟ್ಟ ಸಾಫ್ಟ್‌ವೇರ್ ಅಡಿಪಾಯದ, ಮೇಲೆ ನಿಂತಿತ್ತೋ ಅದನ್ನು ಮಾಡುವವರು, ಇನ್ನು ಲಿನಕ್ಸಿಗೆ ಸಪೋರ್ಟ್ ಇಲ್ಲ, ಬಳಸುವವರು ಕಡಿಮೆ ಎಂದುಬಿಟ್ಟರು. ಎಲ್ಲೆಲ್ಲಿಯವರೋ ಡೆವಲಪರ್‌ಗಳು ಅವರ ಫೋರಂನಲ್ಲಿ 'ನಿಲ್ಲಿಸಬೇಡಿ' ಎಂದು ಬರೆಯುತ್ತಿದ್ದರು. ನಾನೂ ಬರೆದೆ.

"ನಿಲ್ಸಿದ್ರೆ ಏನಾಗುತ್ತೆ?" ಮಾವ ಕೇಳಿದರು.

"ಈಗ ಓಡುತ್ತೆ ಮಾವ. ಮುಂದೆ ಕೆಟ್ರೆ ರಿಪೇರಿ ಮಾಡೋರಿಲ್ಲ."

"ಬಳಸೋರು ಕಡ್ಮೆ ಅಂತಾನಾ? ಜನವರೀಲಿ ಮಳೆ ಇಲ್ಲ ಮಾರಾಯ್ತಿ. ಮಾಪಕ ಕಿತ್ತು ಬಿಸಾಕಿದ್ವಾ? ಸೊನ್ನೆ ಬರೀತೀವಿ. ಹಿಂಗೇ ಬರಿ ಅವ್ರಿಗೆ."

ಇಂಗ್ಲಿಷಿಗೆ ತಿರುಗಿಸಿ ಹಾಕಿದೆ. ನನ್ನ ಎರಡು ಪುಟದ ಮನವಿಗೆ ಮೂರು ಲೈಕು. ಮಾವನ ಜನವರಿಗೆ ನೂರಾರು! ಅಂದಿನಿಂದ ಮಾವ ಮಳೆ ಅಳೆದ ಮೇಲೆ ಲೈಕೂ ಅಳೆದು ಕ್ಯಾಲೆಂಡರಿನಲ್ಲಿ ಬರೆಯತೊಡಗಿದರು.

ಹತ್ತನೇ ದಿನ ಉತ್ತರ ಬಂತು. ಎಲ್ಲರಿಗೂ ಧನ್ಯವಾದ, ನಿರ್ಧಾರ ಬದಲಾಗದು. ಮಾವ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಒಂದು ಸೊನ್ನೆ ಬರೆದು, ಟ್ರಂಕಿನಿಂದ ಹಳೇ ನೋಟ್‌ಬುಕ್ಕು ತೆಗೆದರು. ಈಗ ಮಳೆಯನ್ನು ಎರಡೂ ಕಡೆ ಬರೆಯುತ್ತಾರೆ.

ಮೊನ್ನೆ ನನ್ನ ಡಿಗ್ರಿ ಸರ್ಟಿಫಿಕೇಟು ಬಂತು. ಆಗದು ಎಂದವರ ಕೈಗೇ ಮೊದಲು ಕೊಡಬೇಕೆಂದು ಜಂಬದಿಂದಲೇ ಹೋದೆ. ಮಾವ ಮಾಪಕದ ಹತ್ತಿರವಿದ್ದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿ, ಇನ್ನೊಮ್ಮೆ ಒರೆಸಿ ತೆಗೆದುಕೊಂಡರು. ನನ್ನ ಹೆಸರಿನ ಮೇಲೆ ಅದೇ ಒಂದು ಬೆರಳನ್ನು ಓಡಿಸಿದರು.

"ಇದ್ರ ಸಪೋರ್ಟ್ ಯಾರೂ ನಿಲ್ಸಕ್ಕಾಗಲ್ಲ, ಅಲ್ವೇನೇ?"