ಮೀನಿನ ಗುರುತಿನ ಹೆಂಚು

ಷಣ್ಮುಖಪ್ಪನವರ ಮನೆ ಸೋರುತ್ತದೆಂಬುದು ಹೊಸಮನೆ ಬಡಾವಣೆಗೆಲ್ಲ ಗೊತ್ತಿತ್ತು, ಒಪ್ಪದವರೆಂದರೆ ಷಣ್ಮುಖಪ್ಪನವರೊಬ್ಬರೇ. ಪಕ್ಕದ ಉಜ್ಜನಪ್ಪನ ಮನೆಯ ನೀರು ತಮ್ಮ ನಡುಮನೆಗೆ ಅಕ್ರಮ ಪ್ರವೇಶ ಮಾಡುತ್ತಿದೆ ಎಂಬುದು ಅವರ ವಾದ. (ಕೋರ್ಟಿನ ಗುಮಾಸ್ತರು, ಮಳೆಯ ಮೇಲೂ ದಾವೆ ಹೂಡಬಲ್ಲರು.) ಎರಡು ಮನೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ಸೂರು.

ಎರಡು ವರ್ಷದ ಕೆಳಗೆ ಉಜ್ಜನಪ್ಪ, ಇಬ್ಬರೂ ಸೇರಿ ಹೆಂಚು ಬದಲಾಯಿಸೋಣವೆಂದು ಕರೆದಿದ್ದ. ಇವರು ಒಪ್ಪಲಿಲ್ಲ. ಆತ ತನ್ನ ಪಾಲಿಗಷ್ಟೇ ಹೊಸ ಮಂಗಳೂರು ಹೆಂಚು ಹಾಕಿಸಿಕೊಂಡ. ಪ್ರತಿ ಹೆಂಚಿನ ಅಡಿಯಲ್ಲೂ ಕಂಪನಿಯ ಮೀನಿನ ಗುರುತು. ಲಿಂಗ ಕಟ್ಟಿದವರ ಮನೆಯೊಳಗೆ ಮೀನೇ ಎಂದು ಷಣ್ಮುಖಪ್ಪನವರು ಬೀದಿಗೆಲ್ಲ ಕೇಳುವಂತೆ ಆಡಿಕೊಂಡರು. ಅಲ್ಲಿಗೆ ಗಂಡಸರ ಮಾತು ನಿಂತಿತು. ಹೆಂಗಸರು ಮಾತ್ರ ಹಿತ್ತಲಲ್ಲಿ ಸಾರು, ಪಲ್ಯ ಕೊಟ್ಟು ತೆಗೆದುಕೊಂಡು ಹಾಯಾಗಿದ್ದರು.

ಈಗ ಭದ್ರಾವತಿಯ ನ್ಯೂ ಟೌನಿನಿಂದ ಫೋರ್‌ಮನ್ ಮುರುಗೇಶಪ್ಪನವರು ಮಗನ ಜೊತೆ ಗುರುವಾರ ಷಣ್ಮುಖಪ್ಪನವರ ಮನೆಗೆ ಹೆಣ್ಣು ನೋಡಲು ಬರುವವರಿದ್ದರು. ಹಿಂದಿನ ಗಂಡಿನ ಕಡೆಯವರು, ಉಪ್ಪಿಟ್ಟಿನ ತಟ್ಟೆಗೆ ಮೇಲಿಂದ ನೀರು ಬಿದ್ದ ಮೇಲೆ ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಇದೂ ತಪ್ಪಿದರೆ ಮಗಳಿಗೆ ಮುಖ ತೋರಿಸುವುದು ಹೇಗೆಂದು ಷಣ್ಮುಖಪ್ಪನವರಿಗೆ ನಿಜಕ್ಕೂ ಸಂಕಟವಾಗಿತ್ತು.

ಭಾನುವಾರ ಎರಡೂ ಮನೆಯವರು ಕೋಟೆಯ ಕಡೆ ಒಂದು ಮದುವೆಗೆ ಹೋದರು. ಹೊಟ್ಟೆನೋವೆಂದು ಉಳಿದ ಷಣ್ಮುಖಪ್ಪನವರು ಹೆಂಚಿನ ಕೆಲಸದ ಬೀರಪ್ಪನನ್ನು ಕರೆಸಿ, ತಮ್ಮ ಒಡಕು ಹೆಂಚುಗಳನ್ನು ಅತ್ತ, ಅತ್ತಲಿನ ಗಟ್ಟಿ ಹೆಂಚುಗಳನ್ನು ಇತ್ತ ಹಾಕಿಸಿದರು. ಬೀರಪ್ಪ ಅನುಮಾನಿಸಿದಾಗ, ಸೂರು ಒಂದೇ ಆದಮೇಲೆ ನಿನ್ನದು ನನ್ನದೆಂಬ ಭೇದವೇಕೆ ಎಂದು ವೇದಾಂತ ಹೇಳಿದರು. ಒಳಗೆ ಬಂದು ತಲೆಯೆತ್ತಿದರೆ ಸಾಲುಸಾಲು ಮೀನು. ಇರಲಿ, ಸೋರುವ ಸೂರನ್ನು ಜನ ನೋಡುತ್ತಾರೆ, ಸೋರದ್ದನ್ನು ಯಾರು ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡರು.

ಅದು ನಿಜವೂ ಆಯಿತು. ಸೂರು ರಿಪೇರಿಯಾಯಿತೆಂದು ಹೆಂಡತಿಗೆ ಹೇಳಿದರೆ ದಾಕ್ಷಾಯಣಮ್ಮ ತಲೆಯನ್ನೇ ಎತ್ತಲಿಲ್ಲ. “ಮೂರು ವರ್ಷದಿಂದ ಇದನ್ನೇ ಹೇಳ್ತಿದೀರಿ” ಎಂದು ಅಕ್ಕಿ ಆರಿಸತೊಡಗಿದರು.

ಬುಧವಾರದವರೆಗೆ ಒಂದು ಹನಿಯೂ ಬೀಳಲಿಲ್ಲ, ಗುರುವಾರ ಮೋಡ ಕವಿದಿತ್ತು. ಷಣ್ಮುಖಪ್ಪನವರು ಬಸ್ ಸ್ಟ್ಯಾಂಡಿನಿಂದ ನೆಂಟರನ್ನು ಕರೆತಂದರೆ ದಾಕ್ಷಾಯಣಮ್ಮ ಉಜ್ಜನಪ್ಪನ ಬಾಗಿಲಲ್ಲಿ ನಿಂತು ಒಳಗೆ ಕರೆಯುತ್ತಿದ್ದಾರೆ!

“ನಿಮ್ಮ ರಿಪೇರಿ ನಂಬ್ಕೊಂಡ್ರೆ ಹುಡುಗಿ ಮನೇಲೇ ಉಳೀತಾಳೆ” ಎಂದು ಗಂಡನ ಕಿವಿಯಲ್ಲಿ ಉಸುರಿದರು. “ಇಲ್ಲೇ ಏರ್ಪಾಟು ಮಾಡಿದೀನಿ. ಸುಮ್ನೆ ಬನ್ನಿ.”

ಬೇಡವೆನ್ನಲು ಬಾಯಿ ತೆರೆದರೂ ಕಾರಣ ಹೇಳುವಂತಿರಲಿಲ್ಲ. ಉಪ್ಪಿಟ್ಟು ಬಂತು, ಹಿಂದೆಯೇ ಮಳೆಯೂ ಬಂತು. ಮೊದಲ ಹನಿ ಮುರುಗೇಶಪ್ಪನವರ ಬೋಳುತಲೆಗೆ, ಎರಡನೆಯದು ಕನ್ನಡಕಕ್ಕೆ. ಆಮೇಲೆ ಎಣಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಎರಡು ವರ್ಷದಿಂದ ಒಂದು ಹನಿ ಬಿದ್ದಿರದ ಮನೆ, ಉಜ್ಜನಪ್ಪ ಕಂಗಾಲಾದ. ತಟ್ಟೆಗಳ ಸಮೇತ ಎಲ್ಲರೂ ಪಕ್ಕದ ಮನೆಗೆ ಓಡಿದರು.

ಅಲ್ಲಿ ಎಲ್ಲ ಒಣಒಣ. ಆದರೆ ಒಮ್ಮೆ ನೆನೆದ ಮುರುಗೇಶಪ್ಪನವರು ಕೂರುವ ಮೊದಲು ತಲೆಯೆತ್ತಿ ನೋಡಿದರು. ಅವರ ಜೊತೆ ಎಲ್ಲರೂ ನೋಡಿದರು.

“ಇಷ್ಟೊಂದು ಮೀನು ಯಾಕೆ ಸ್ವಾಮಿ?”

ದಾಕ್ಷಾಯಣಮ್ಮ ಸೂರನ್ನು ಬಿಟ್ಟು ಗಂಡನನ್ನು ನೋಡಿದರು. ಬಾಗಿಲ ಮರೆಯಲ್ಲಿ ಮಗಳು ನೆನೆದ ಸೆರಗು ಹಿಂಡುತ್ತ ನಿಂತಿದ್ದಳು. ಅವಳನ್ನೊಮ್ಮೆ ನೋಡಿ, ಉಜ್ಜನಪ್ಪ ಮೆತ್ತಗೆ ಬಾಯಿಬಿಟ್ಟ.

“ಒಂದೇ ಸೂರಲ್ವಾ. ಹೆಣ್ಣು ನೋಡೋ ಶಾಸ್ತ್ರ ಅಂತ ಮೊದ್ಲು ನಮ್ಮ ಹೆಂಚು ಇವರಿಗೆ ಹಾಕಿದ್ದಾಯ್ತು. ಹೆಂಗಸ್ರು ಗೊತ್ತಿಲ್ದೆ ನಮ್ಮನೇಲೇ ಏರ್ಪಾಟು ಮಾಡ್ಬಿಟ್ರು. ಈ ಭಾನುವಾರ ಷಣ್ಮುಖಪ್ಪನೋರು ನಮ್ಮನೆಗೆ ಪೂರ್ತಿ ಹೊಸದು ಹಾಕಿಸ್ತಾರೆ. ಅಲ್ವಾ ಷಣ್ಮುಖಪ್ಪನೋರೆ?”

ನೆರೆಹೊರೆಯೆಂದರೆ ಹೀಗಿರಬೇಕು, ಇಂಥ ಮನೆಯ ಹುಡುಗಿಯೇ ನಮಗೆ ಬೇಕಾಗಿದ್ದದ್ದು ಎಂದು ಮುರುಗೇಶಪ್ಪನವರು ಬಾಯ್ತುಂಬ ಹೊಗಳಿದರು. ಕಾರ್ಖಾನೆಯ ಮನುಷ್ಯ, ಅಷ್ಟಕ್ಕೇ ಬಿಡಲಿಲ್ಲ.

“ಹೊಸ ಹೆಂಚು ಯಾವ ಗುರುತಿಂದು?”

ಷಣ್ಮುಖಪ್ಪನವರು ಮಗಳ ಕಡೆ ನೋಡಿದರು, ಮೇಲೆ ನೋಡಿದರು, ಕೊನೆಗೆ ನೆಲ ನೋಡಿದರು.

“ಮೀನಿಂದೇ” ಎಂದರು.