ಅಮ್ಮನ ಹಾಡಿಗೆ ಎರಡು ಡಿಸ್ಕು

ಯಲ್ದೂರಿನ ಕೋದಂಡರಾಮಪ್ಪ ಮೇಷ್ಟ್ರ ಕಂಪ್ಯೂಟರಿನ ಹಾರ್ಡ್ ಡಿಸ್ಕು ಒಂದು ಸೋಮವಾರ ಟಕ್ ಟಕ್ ಎನ್ನತೊಡಗಿತು. ಬೇರೆ ಯಾರ ಮನೆಯಲ್ಲಾದರೂ ಇದೊಂದು ದೊಡ್ಡ ವಿಷಯವಲ್ಲ. ಆದರೆ ಆ ಡಿಸ್ಕಿನೊಳಗೆ ಮೇಷ್ಟ್ರ ತಾಯಿ ಮುನಿಗಂಗಮ್ಮ ಇದ್ದರು.

ಅಂದರೆ ಅವರ ದನಿ ಇತ್ತು. ಮುನಿಗಂಗಮ್ಮ ಸುತ್ತಲ ಹತ್ತೂರಿನ ಮದುವೆಗಳಲ್ಲಿ ಸೋಬಾನೆ ಹೇಳಿದವರು. ಅರ್ಧ ಹಾಡು ಕನ್ನಡ, ಅರ್ಧ ತೆಲುಗು. ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ಮಗ ಮೈಕು ಹಿಡಿದು ಕೂತಾಗ ಮೂರು ಗಂಟೆ ಒಂದೇ ಸಮನೆ ಹಾಡಿದ್ದರು. ನಡುವೆ ಎಲ್ಲೂ ನಿಲ್ಲಿಸದೇ ಇದ್ದದ್ದರಿಂದ ಅಷ್ಟೂ ಒಂದೇ ಫೈಲು. ಅದು ಬಿಟ್ಟರೆ ಆ ದನಿ ಪ್ರಪಂಚದಲ್ಲಿ ಇನ್ನೆಲ್ಲೂ ಇರಲಿಲ್ಲ. ಬರುವ ಶುಕ್ರವಾರ ಅವರ ವರ್ಷದ ತಿಥಿ. ಅವತ್ತು ಎಡೆ ಇಡುವಾಗ ಮನೆಯಲ್ಲಿ ಅಮ್ಮನ ದನಿಯೇ ಕೇಳಬೇಕು ಎಂದು ಮೇಷ್ಟ್ರು ವರ್ಷವಿಡೀ ಅಂದುಕೊಂಡಿದ್ದರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ಮನುಷ್ಯ ಸುಮ್ಮನೆ ಕೂರುತ್ತಾರೆಯೇ? ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡವರೂ ಅವರೇ. ಕೋಲಾರಕ್ಕೆ ಹೋಗಿ ಒಂದೇ ಅಳತೆಯ ಎರಡು ಹೊಸ ಡಿಸ್ಕು ತಂದು, ರೇಡ್ ಎಂಬ ಏರ್ಪಾಟಿನಲ್ಲಿ ಎರಡನ್ನೂ ಜೋಡಿಸಿದರು. ಕನ್ನಡಿ ಇದ್ದ ಹಾಗೆ. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ. ಒಂದು ಕೆಟ್ಟರೆ ಇನ್ನೊಂದು ಸಂಸಾರ ಸಾಗಿಸುತ್ತದೆ.

ಎರಡೂ ಹೊಂದಿಕೊಳ್ಳುವ ತನಕ ಮಿಕ್ಸಿ ಹಾಕಬೇಡ, ಫ್ಯೂಸ್ ಹೋದರೆ ಕಷ್ಟ ಎಂದು ಹೆಂಡತಿ ಭಾರತಮ್ಮನಿಗೆ ಅಪ್ಪಣೆಯಾಯಿತು. ಆಕೆ ಹಿತ್ತಲಿನ ಒರಳು ತೊಳೆದು ಚಟ್ನಿಗೆ ಕೂತರು.

"ನಿಮ್ಮಮ್ಮ ಇದ್ದಾಗ್ಲೂ ರುಬ್ಬಿದೆ, ಹೋದ್ಮೇಲೂ ರುಬ್ತಿದೀನಿ," ಎಂದಷ್ಟೇ ಅಂದರು.

ಗುರುವಾರ ಅಮ್ಮನ ಫೈಲು ಹೊಸ ಜಾಗಕ್ಕೆ ಬಂತು. ಹಳೆಯ ಡಿಸ್ಕು ತನ್ನ ಕೆಲಸ ಮುಗಿಯಿತೆಂಬಂತೆ ಆ ಸಂಜೆಯೇ ಒಂದು ಸಲ ಟಕ್ಕೆಂದು ಪ್ರಾಣ ಬಿಟ್ಟಿತು. ಮೇಷ್ಟ್ರಿಗೆ ಬೇಸರವಾಗಲಿಲ್ಲ. ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಆದರೂ ಮುಖ ಹೂವಾಗಿತ್ತು.

ಶುಕ್ರವಾರ ಬೆಳಿಗ್ಗೆ ಟೇಕಲ್‌ನಿಂದ ತಂಗಿ ಆದಿಲಕ್ಷ್ಮಿ, ಆಕೆಯ ಗಂಡ ರಾಮಚಂದ್ರಪ್ಪ ಬಂದಿಳಿದರು. ಪಕ್ಕದ ಮನೆಯ ದೊಡ್ಡವೆಂಕಟಪ್ಪನವರೂ ಬಂದು ಮುಂದಿನ ಕುರ್ಚಿ ಹಿಡಿದರು. ಊರಿನ ಅಣ್ಣತಮ್ಮಂದಿರ ಪಾಲುಗಳನ್ನೆಲ್ಲ ಕೂತು ಮಾಡಿಸಿದ ಹಿರಿಯರು ಅವರು. ಅವರನ್ನು ಯಾರೂ ಕರೆಯುವುದಿಲ್ಲ. ಕರೆಯುವ ಅಗತ್ಯವನ್ನು ಅವರು ಯಾರಿಗೂ ಕೊಟ್ಟಿಲ್ಲ.

ಫೋಟೋ ಮುಂದೆ ಹೊಸ ಸೀರೆ ಇಟ್ಟು, ವಡೆ ಪಾಯಸದ ಎಡೆ ಬಡಿಸಿ, ಮೇಷ್ಟ್ರು ಹಾಡು ಹಾಕಿದರು. ಅಮ್ಮನ ದನಿ ಕೇಳಿದ್ದೇ ತಡ ಆದಿಲಕ್ಷ್ಮಿ ಗೋಡೆಗೊರಗಿ ಅತ್ತಳು. ಭಾರತಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕೂತರೂ ಹಾಡು ನಡೆದೇ ಇತ್ತು.

ರಾಮಚಂದ್ರಪ್ಪನ ಎಲೆಗೆ ಮೂರನೆಯ ಮುದ್ದೆ ಬೀಳುವ ಹೊತ್ತಿಗೆ ಮುನಿಗಂಗಮ್ಮ ಬೀಗರ ಹಾಡಿಗೆ ಬಂದರು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಗೋಳು ಹುಯ್ದುಕೊಳ್ಳುವ ಪದ್ಧತಿ. ಇದು ಮಗಳ ಮದುವೆಗೆಂದೇ ಅವರು ಕಟ್ಟಿದ್ದು:

"ಟೇಕಲ್ ಬೆಟ್ಟ ಇಳಿದು ಬಂದ ಮದುಮಗ
ಹನ್ನೆರಡು ಮುದ್ದೆ ನುಂಗಿ ಹದಿಮೂರಕ್ಕೆ ಕೈಯೊಡ್ಡಿದ..."

ದೊಡ್ಡವೆಂಕಟಪ್ಪನವರಿಗೆ ನಗು ತಡೆಯಲಾಗದೆ ಸಾರು ನೆತ್ತಿಗೆ ಹತ್ತಿತು. ರಾಮಚಂದ್ರಪ್ಪ ಎಲೆ ಬಿಟ್ಟು ಎದ್ದ.

"ಮದ್ವೆ ಆಗಿ ಮೂವತ್ತು ವರ್ಷ ಆಯ್ತು ಭಾವ! ಹೋದ್ಮೇಲೂ ನನ್ನ ಬಿಡ್ಲಿಲ್ವಲ್ಲ ನಿಮ್ಮಮ್ಮ? ಅಳಿಸಾಕಿ ಅದನ್ನ. ಇಲ್ದಿದ್ರೆ ಈ ಮನೇಲಿ ನಾನು ನೀರೂ ಮುಟ್ಟಲ್ಲ."

"ಅಮ್ಮನ ದನಿ ಅಳಿಸ್ಲಾ? ಪ್ರಾಣ ಹೋದ್ರೂ ಆಗಲ್ಲ," ಎಂದರು ಮೇಷ್ಟ್ರು. "ಅದಕ್ಕೇ ಎರಡು ಡಿಸ್ಕ್‌ನಲ್ಲಿ ಇಟ್ಟಿದೀನಿ."

ಈ ಮಾತು ಆಡಬಾರದಿತ್ತು. ಎರಡು ಎಂಬುದು ಕಿವಿಗೆ ಬಿದ್ದೊಡನೆ ದೊಡ್ಡವೆಂಕಟಪ್ಪನವರು ಕೆಮ್ಮು ನಿಲ್ಲಿಸಿ ನೆಟ್ಟಗೆ ಕೂತರು.

"ಎರಡಿದೆಯಾ? ಮತ್ತೆ ಜಗಳ ಯಾಕ್ರಪ್ಪ? ತಾಯಿ ಬಿಟ್ಟೋದ ಸೊತ್ತು. ಮಕ್ಳು ಇಬ್ರು. ಡಿಸ್ಕು ಎರಡು. ಒಬ್ಬೊಬ್ರಿಗೆ ಒಂದೊಂದು. ಅವರವರ ಪಾಲು ಅವರವರಿಷ್ಟ."

"ಹಂಗಲ್ಲ ಅಣ್ಣ, ಅದನ್ನ ಬೇರೆ ಮಾಡಕ್ಕಾಗಲ್ಲ. ಎರಡೂ ಸೇರಿ ಒಂದೇ."

"ಪಾಲಿಗೆ ಕೂತಾಗ ಎಲ್ಲಾ ಅಣ್ಣಂದಿರೂ ಹೇಳೋದು ಇದೇ ಮಾತು ಮೇಷ್ಟ್ರೇ. ನಲವತ್ತು ವರ್ಷದಿಂದ ಕೇಳ್ತಿದೀನಿ."

ಆದಿಲಕ್ಷ್ಮಿ ಅಣ್ಣನ ಮುಖ ನೋಡಿದಳು. ಅಮ್ಮನ ಮೇಲೆ ನನಗೂ ಹಕ್ಕಿಲ್ಲವೇ ಎಂಬ ನೋಟ ಅದು. ಅತ್ತ ಭಾವಮೈದುನನ ಎಲೆಯಲ್ಲಿ ಮುದ್ದೆ ಆರುತ್ತಿತ್ತು. ತಿಥಿಯ ದಿನ ಮನೆಯ ಅಳಿಯ ಹಸಿದು ಹೋದರೆ ಅಮ್ಮನಿಗೇ ಅವಮಾನ. ಬಾಯಿಮಾತಿನ ಪಾಲಿನಿಂದ ಯಂತ್ರಕ್ಕೇನು ನಷ್ಟ ಎಂದುಕೊಂಡು ಮೇಷ್ಟ್ರು ಒಪ್ಪಿದರು.

ಪಾಲು ಶಾಸ್ತ್ರೋಕ್ತವಾಗಿಯೇ ಆಯಿತು. ಪಾಲು ಹಾಕುವವನು ದೊಡ್ಡವನು, ಮೊದಲು ಆರಿಸುವುದು ಚಿಕ್ಕವರು. ಆ ಕಡೆಯ ಕಟ್ಟಳೆ ಅದು. ಕಂಪ್ಯೂಟರಿನ ಡಬ್ಬ ಬಿಚ್ಚಿಸಿ, ಎರಡು ಡಿಸ್ಕನ್ನೂ ನೋಡಿ, ಆದಿಲಕ್ಷ್ಮಿ ಮೇಲಿನದು ತನಗೆ ಎಂದಳು. ಅದಕ್ಕೆ ಅರಿಶಿನ ಹಚ್ಚಿದರು. ಕೆಳಗಿನದಕ್ಕೆ ಕುಂಕುಮ ಹಚ್ಚಿ ಅಣ್ಣನಿಗೆ ಬಿಟ್ಟರು.

"ಅಯಿಪೋಯಿಂದಿ!" ಎಂದು ದೊಡ್ಡವೆಂಕಟಪ್ಪನವರು ಕೈ ಝಾಡಿಸಿ ಪಾಲು ಮುಗಿಸಿದರು. ರಾಮಚಂದ್ರಪ್ಪ ಮತ್ತೆ ಎಲೆಗೆ ಕೂತ. ಎಲ್ಲರ ಮರ್ಯಾದೆಯೂ ಉಳಿಯಿತು. ಊಟ ಮುಗಿಸಿದ ಮೇಷ್ಟ್ರು ಮೂರು ದಿನದ ನಿದ್ದೆಯನ್ನು ಒಟ್ಟಿಗೇ ಮಾಡಲು ಒಳಕೋಣೆಗೆ ಹೋದರು.

ಐದೂವರೆಗೆ ಎದ್ದು ಹಜಾರಕ್ಕೆ ಬಂದಾಗ ರಾಮಚಂದ್ರಪ್ಪ ಕಾಫಿ ಕುಡಿಯುತ್ತ ನಗುತ್ತಿದ್ದ.

"ಬನ್ನಿ ಭಾವ. ಈಗ ನಂಗೇನೂ ಬೇಜಾರಿಲ್ಲ. ನಿಮ್ ಪಾಲಿಂದು ಹಾಕಿ, ಕೇಳಾಣ."

"ನಿಮ್ ಪಾಲಿಂದು ಅಂದ್ರೆ?"

"ನನ್ನ ಪಾಲಿಂದು ನಾನು ಅಳಿಸ್ದೆ ಅಣ್ಣಯ್ಯ," ಎಂದಳು ಆದಿಲಕ್ಷ್ಮಿ ಮೆಲ್ಲಗೆ. "ಇವ್ರು ಒಂದೇ ಹಟ ಮಾಡಿದ್ರು. ನಿನ್ನ ಹತ್ರ ಹೆಂಗೂ ಇದೆಯಲ್ಲ. ನಿಂದು ನಾನು ಮುಟ್ಟಿಲ್ಲ ಕಣೋ, ಅಮ್ಮನಾಣೆ. ಪರದೆ ಮೇಲೆ ಒಂದೇ ಕಾಣ್ತು. ಇನ್ನೊಂದು ನೀನು ಎಲ್ಲೋ ಬೀಗ ಹಾಕಿ ಇಟ್ಟಿರ್ತೀಯ ಅಂದ್ಕೊಂಡೆ."

ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತರು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಬರೆದುಕೊಳ್ಳುತ್ತದೆ ಎಂದ ಮೇಲೆ, ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿ ಅಳಿಸದೆ ಬಿಡುತ್ತದೆಯೇ? ಅರಿಶಿನ ಯಾವುದು, ಕುಂಕುಮ ಯಾವುದು, ಯಂತ್ರಕ್ಕೆ ಏನು ಗೊತ್ತು?

"ಅಳಿಸಿದ್ದಷ್ಟೇನಾ? ಇನ್ನೇನೂ ಮಾಡಿಲ್ಲ ತಾನೇ?" ಎಂದು ಕೇಳಿದರು. ಬರೀ ಅಳಿಸಿದ್ದಾದರೆ ಹುಡುಕಿ ತೆಗೆಯುವ ದಾರಿ ಸ್ವಲ್ಪವಾದರೂ ಇರುತ್ತದೆ. ಅದರ ಮೇಲೆ ಬೇರೆ ಬರೆದರೆ ಮುಗಿಯಿತು.

"ಪಾಲಿಗೆ ಬಂದ ಜಾಗ ಖಾಲಿ ಬಿಡ್ತಾರೇನಣ್ಣಯ್ಯ? ಚಂದನನ ಮದ್ವೆ ವಿಡಿಯೋ ನಿನ್ನ ಹತ್ರ ಇಡಾಣ ಅಂತ ತಂದಿದ್ವಿ. ಸ್ಟುಡಿಯೋದವ್ರು ಕೊಟ್ಟಿದ್ದು ಅಷ್ಟನ್ನೂ ತುಂಬಿಸ್ದೆ. ಒಂದು ಚೂರೂ ಜಾಗ ಉಳ್ದಿಲ್ಲ ನೋಡು."

ಚಂದನ ಅವಳ ಮಗಳು. ಮದುವೆಯಾಗಿ ಆರು ವರ್ಷವಾಗಿತ್ತು. ಮೇಷ್ಟ್ರು ಪರಿಶೀಲಿಸಿದರು. ಎರಡೂ ಡಿಸ್ಕು ಆರೋಗ್ಯವಾಗಿವೆ, ಎರಡೂ ತುಂಬಿವೆ, ಎರಡೂ ತದ್ರೂಪು ಎಂದು ಕಂಪ್ಯೂಟರು ಹೇಳಿತು. ಅಮ್ಮನ ಫೈಲು ಎಲ್ಲೂ ಇರಲಿಲ್ಲ. ಅವರು ವಿಷಯ ಬಿಡಿಸಿ ಹೇಳಿದಾಗ ಆದಿಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡಳು. ರಾಮಚಂದ್ರಪ್ಪನ ಲೋಟ ನೆಲಕ್ಕಿಳಿಯಿತು.

"ಅಯ್ಯೋ ಭಾವ... ಆ ಒಂದು ಹಾಡಿಗೆ..." ಎಂದ.

ದೊಡ್ಡವೆಂಕಟಪ್ಪನವರೂ ಬಂದು ನೋಡಿ, ಪಾಲು ತಪ್ಪಾಗಿಲ್ಲ, ಡಿಸ್ಕೇ ಸರಿಯಿಲ್ಲ ಎಂದರು.

ಭಾರತಮ್ಮನಿಗೆ ಹೊಳೆಯಿತು. "ರೀ, ಚಂದನನ ಮದ್ವೇಲಿ ಅತ್ತೆ ಹಾಡಿದ್ರಲ್ವಾ? ಹಸೆ ಮುಂದೆ ಕೂತ್ಕೊಂಡು? ಆ ವಿಡಿಯೋದಲ್ಲಿ ಇರ್ಬೇಕಲ್ಲ!"

ಹೌದಲ್ಲ! ಎಲ್ಲರೂ ಪರದೆಯ ಮುಂದೆ ಒತ್ತಿಕೊಂಡು ಕೂತರು. ಚಪ್ಪರ ಬಂತು, ಬಳೆ ಶಾಸ್ತ್ರ ಬಂತು, ಊಟದ ಸಾಲು ಬಂತು. ಒಂದೂಕಾಲು ಗಂಟೆಯಾದ ಮೇಲೆ ಹಸೆಯ ಪಕ್ಕದಲ್ಲಿ, ಹೆಂಗಸರ ನಡುವೆ, ಮುನಿಗಂಗಮ್ಮ ಕಾಣಿಸಿಕೊಂಡರು. ಒಂದು ಕೈ ಕಿವಿಯ ಮೇಲಿತ್ತು. ಕಣ್ಣು ಮುಚ್ಚಿದ್ದವು. ಬಾಯಿ ತೆರೆದು ಹಾಡುತ್ತಿದ್ದರು.

ಸ್ಟುಡಿಯೋದವನು ಅಲ್ಲಿನ ದನಿಯನ್ನೆಲ್ಲ ತೆಗೆದು, ವಿಡಿಯೋದುದ್ದಕ್ಕೂ ಸಿನಿಮಾ ಹಾಡು ಹಾಕಿದ್ದ.

"ಅಮ್ಮ ಹಾಡ್ತಿದಾರೆ ಅಣ್ಣಯ್ಯ," ಎಂದಳು ಆದಿಲಕ್ಷ್ಮಿ ಬಿಕ್ಕುತ್ತ, "ಸ್ವಲ್ಪ ಸೌಂಡ್ ಜಾಸ್ತಿ ಮಾಡೋ."

ಮೇಷ್ಟ್ರು ಮಾಡಿದರು. ಸಿನಿಮಾ ಹಾಡು ಜೋರಾಯಿತು.