ಗೋಡಂಬಿ ಬೀಳದ ಪಾಯಸ

ಫೆಬ್ರವರಿ ಒಂಬತ್ತು, ಭಾನುವಾರ. ಬೆಳಿಗ್ಗೆ ಮಂಜು, ಹನ್ನೊಂದರ ಹೊತ್ತಿಗೆ ಚುರುಗುಟ್ಟುವ ಬಿಸಿಲು. ಅವತ್ತು ಸಾಗರದಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳ ಮದುವೆ. ಆ ಊಟದ ವಿಷಯಕ್ಕೆ ಬರುವ ಮೊದಲು ಹಿಂದಿನ ಎರಡು ಪ್ರಸಂಗ ಹೇಳಬೇಕು. ನನ್ನ ಮಗಳಿಗೆ ಹನ್ನೊಂದು ವರ್ಷ. ಗೋಡಂಬಿ ಅವಳಿಗೆ ಆಗುವುದಿಲ್ಲ. ಒಂದು ಚೂರು ಹೋದರೂ ತುಟಿ ಊದಿ, ಉಸಿರು ಕಟ್ಟುತ್ತದೆ. ಗೋಡಂಬಿಯಿಲ್ಲದೆ ಮರ್ಯಾದೆಯೇ ಇಲ್ಲ ಎಂದು ನಂಬಿದ ಸೀಮೆಯಲ್ಲಿ ಹೀಗಿದ್ದರೆ ಏನಾದರೊಂದು ಆಗುತ್ತಲೇ ಇರುತ್ತದೆ.

ಮನೆ ಮರದ್ದು

ನನ್ನದು ಆರೋಗ್ಯ ಇಲಾಖೆಯ ಕೆಲಸ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಮಹಿಳಾ ಸಂಘದವರಿಗೆ ಇದೇ ವಿಷಯ ಹೇಳಲು ಹೋಗಿದ್ದೆ. ರಜೆಯೆಂದು ಮಗಳೂ ಜೊತೆಗಿದ್ದಳು. ಚೂರಾದರೂ ಸಾಕು, ಸೌಟು ತಾಗಿದರೂ ಸಾಕು, ಉಬ್ಬಸ ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ ಎಂದು ಅರ್ಧ ಗಂಟೆ ಮಾತಾಡಿದೆ. ಎಲ್ಲರೂ ತಲೆಯಾಡಿಸಿ ಕೇಳಿದರು. ಕೊನೆಗೆ ಕೇಸರಿಬಾತು ಬಂತು, ಮೇಲೆ ಗೋಡಂಬಿ. ಮಗಳಿಗೆ ಬೇಡ, ಈಗ ಹೇಳಿದ್ದು ಇವಳ ವಿಷಯವೇ ಎಂದೆ. ಸಂಘದ ಅಧ್ಯಕ್ಷೆ ತಟ್ಟೆಯನ್ನು ಇನ್ನೂ ಹತ್ತಿರ ಸರಿಸಿದರು.

"ಕೇಳಿದ್ವಲ ಸಾರ್. ಅದು ಅಂಗಡಿ ಗೋಡಂಬಿಗೆ. ಇದು ನಮ್ಮ ಗುಡ್ಡದ ಮರದ್ದೇ."

ಹದಿನಾರಕ್ಕೆ ಹದಿನಾರು

ಹೊಸನಗರದಲ್ಲಿ ನಮ್ಮ ದೊಡ್ಡಮ್ಮನ ಮನೆಯ ಪೂಜೆ. ಅವರಿಗೆ ಮಗಳ ವಿಷಯ ಗೊತ್ತಿತ್ತು, ಆದರೆ ನೆನಪಾದದ್ದು ಪಾಯಸ ಇಳಿಸಿದ ಮೇಲೆ. ಕನ್ನಡಕ ಹಾಕಿಕೊಂಡು, ಚಮಚ ಹಿಡಿದು, ಪಾತ್ರೆಯೆಲ್ಲ ಜಾಲಾಡಿದ್ದರು. ನಾವು ಹೋದಾಗ ಬೆವರು ಒರೆಸಿಕೊಳ್ಳುತ್ತ ಹೇಳಿದರು:

"ಎಣಿಸಿ ಹಾಕಿದ್ದೆ, ಎಣಿಸಿ ತೆಗ್ದೆ. ಹದಿನಾರಕ್ಕೆ ಹದಿನಾರು. ಧೈರ್ಯವಾಗಿ ಉಣ್ಸು."

ತೆಗೆದರೂ ಅದರ ಅಂಶ ಪಾಯಸದಲ್ಲಿ ಉಳಿದಿರುತ್ತದೆ ಎಂದು ವಿವರಿಸಿದೆ. ಅವರು ಬಹಳ ಹೊತ್ತು ಪಾತ್ರೆಯನ್ನೇ ನೋಡಿದರು. ಆಮೇಲೆ ಹದಿನಾರನ್ನೂ ವಾಪಸು ಹಾಕಿದರು.

ಮಗಳು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಮನೆಯಿಂದ ತಂದ ಡಬ್ಬಿ ಬಿಚ್ಚಿದಳು. ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು: "ಅಪ್ಪ, ಅಕ್ಕನ ಮದುವೇಲೂ ನಾನು ಡಬ್ಬಿನೇನಾ?" ಮನೆಗೆ ಬಂದು ಅದನ್ನು ಹೆಂಡತಿಗೆ ಹೇಳಿದೆ.

ಅಂದಕ್ಕೆ ಇಟ್ಟಿದ್ದು

ಈ ಮಾತು ನನ್ನ ಹೆಂಡತಿಯಿಂದ ಅವಳ ಅಣ್ಣನಿಗೆ ಹೋಯಿತು. ಅವರು ಅಡುಗೆ ಭಟ್ಟರಿಗೆ ಹೇಳಿ ಮಗಳಿಗೆಂದೇ ಬೇರೆ ಪಾತ್ರೆ, ಬೇರೆ ಸೌಟು ಇಡಿಸಿದರು. ಮದುವೆಯ ದಿನ ಬೆಳಿಗ್ಗೆ ಒಮ್ಮೆ ನೋಡಿ ಬರೋಣವೆಂದು ಭಾವನ ಜೊತೆ ಅಡುಗೆ ಶೆಡ್ಡಿಗೆ ಹೋದೆ. ಭಟ್ಟರು ಹೆಮ್ಮೆಯಿಂದ ಆ ಪುಟ್ಟ ಪಾತ್ರೆಯ ಮುಚ್ಚಳ ತೆಗೆದರು. ಪಾಯಸದ ನಡುವೆ ಐದು ಗೋಡಂಬಿ, ಹೂವಿನ ಎಸಳಿನಂತೆ ಜೋಡಿಸಿದ್ದವು.

"ಮಗು ಪಾಯಸ ಬೋಳಾಗಿ ಕಾಣ್ತಿತ್ತು, ಪಾಪ ಅನ್ನಿಸ್ತು. ಅಂದಕ್ಕೆ ಇಟ್ಟಿದ್ದು ಮಾರಾಯ್ರೆ, ತಿನ್ನಾಕಲ್ಲ."

ಉಳಿದ ಅಡುಗೆಗೆ ಗೋಡಂಬಿ ಬಿದ್ದಿದೆಯೇ ಎಂದು ಭಾವ ಕೇಳಿದರು. ಇನ್ನೂ ಇಲ್ಲ, ಈಗ ಹುರಿಯಬೇಕು ಎಂದರು ಭಟ್ಟರು. ಭಾವ ಆ ಪುಟ್ಟ ಪಾತ್ರೆಯನ್ನೂ ಅದಕ್ಕೆ ಹುರಿದ ಬಾಣಲೆಯನ್ನೂ ಹೊರಗೆ ಇಡಿಸಿದರು. ಗೋಡಂಬಿಯ ಡಬ್ಬವನ್ನು ಬಗಲಲ್ಲಿಟ್ಟುಕೊಂಡು ಹೋಗಿ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದರು.

"ಇವತ್ತು ಯಾರಿಗೂ ಇಲ್ಲ."

"ಬೀಗರು ಏನಂತಾರೆ?" ಎಂದು ಭಟ್ಟರು ಅಳುಮುಖ ಮಾಡಿದರು. ಭಾವ ಆಗಲೇ ಹೊರಟಿದ್ದರು.

ಮಗಳು ಮೊದಲ ಪಂಕ್ತಿಯಲ್ಲಿ, ಓರಗೆಯವರ ನಡುವೆ ಎಲೆಯ ಮುಂದೆ ಕೂತಳು. ಪಾಯಸ ಎರಡು ಸಲ ಹಾಕಿಸಿಕೊಂಡಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಅದು ಊದಲಿಲ್ಲ, ನಕ್ಕಿತು.

ಡಿಕ್ಕಿಯಲ್ಲಿದ್ದದ್ದು

ಮುಂದಿನ ಭಾನುವಾರ ನಾನೂ ಮಗಳೂ ಹೊಸನಗರದ ಬಸ್ಸಿನಲ್ಲಿದ್ದೆವು. ಮುಂದಿನ ಸೀಟಿನಲ್ಲಿ ನಮಗೆ ಗುರುತಿಲ್ಲದ ಹಿರಿಯರೊಬ್ಬರು ಪಕ್ಕದವರಿಗೆ ಸಾಗರದ ಆ ಮದುವೆಯ ವರ್ಣನೆ ಮಾಡುತ್ತಿದ್ದರು. ಹೆಣ್ಣಿನ ಅಪ್ಪ ಮಹಾ ಜಿಪುಣನಂತೆ. ಪಾಯಸಕ್ಕೂ ಒಂದು ಗೋಡಂಬಿ ಹಾಕಿಸಲಿಲ್ಲವಂತೆ. ಬೀಗರ ಕಡೆಯವರು ಇನ್ನೂ ಆಡಿಕೊಳ್ಳುತ್ತಿದ್ದಾರಂತೆ.

"ಊಟ ಹೇಗಿತ್ತು ಹಂಗಾರೆ?" ಎಂದರು ಪಕ್ಕದವರು.

"ಪಾಯಸ ಮೂರು ಸಲ ಹಾಕಿಸ್ಕಂಡೆ. ಅದು ಬೇರೆ ವಿಷ್ಯ."

ಮಗಳ ಮುಖ ಸಣ್ಣದಾಯಿತು. ಬಸ್ಸಿಳಿದ ತಕ್ಷಣ ನನ್ನ ಫೋನು ಕಿತ್ತುಕೊಂಡು ಮಾವನಿಗೆ ಮಾಡಿದಳು. ನನಗೋಸ್ಕರ ಅಂತ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದಳು.

"ನಿನ್ನ ಕಾಯಿಲೆ ಊರಿಗೆಲ್ಲ ಯಾಕೆ ಕೂಸೆ? ಜಿಪುಣ ಅಂದ್ರೆ ನಂಗೇನು ಉಸಿರು ಕಟ್ಟುತ್ತಾ?"

ಅವಳು ಆ ಡಬ್ಬದ ಗೋಡಂಬಿ ಏನಾಯಿತು ಎಂದಳು.

"ದಿನಾ ಬೆಳಿಗ್ಗೆ ಒಂದೊಂದು ಹಿಡಿ ನಾನೇ ತಿಂತಿದೀನಿ. ಜಿಪುಣ ಅಂತ ಹೆಸರು ಬಂದ ಮೇಲೆ ಯಾರಿಗಾದ್ರೂ ಕೊಡಾಕಾಗುತ್ತಾ?"